ಮಿಲ್ಲಿನೊಳಗೆ ನಾಲ್ಕು ಮನೆ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಐವತ್ತು ದಾಟಿದವರಿಗೆ ಭತ್ತ ಬೇಯುವ ವಾಸನೆ ನೆನಪಿರಬೇಕು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಅಕ್ಕಿ ಮಿಲ್ಲು ಇತ್ತು. ಬೆಳಗ್ಗೆ ಅಲ್ಲಿ ಹಬೆ ಏಳುತ್ತಿತ್ತು. ಸಿಮೆಂಟಿನ ಅಂಗಳದಲ್ಲಿ ಹೆಂಗಸರು ಬೆಂದ ಭತ್ತವನ್ನು ಕಾಲಲ್ಲಿ ಗೀರುತ್ತಾ ಹರಡುತ್ತಿದ್ದರು. ಮಧ್ಯಾಹ್ನ ಬೆಲ್ಟು ತಿರುಗಲು ಶುರುವಾದರೆ ಅದರ ಶಬ್ದ ನಮ್ಮ ಕ್ಲಾಸಿನವರೆಗೂ ಬರುತ್ತಿತ್ತು. ಇವತ್ತು ನಾನು ಮಾತಾಡುವುದು ಆ ಮಿಲ್ಲಿನ ಬಗ್ಗೆ. ಈಗ ಅದರೊಳಗೆ ನಾಲ್ಕು ಸಂಸಾರಗಳು ವಾಸ ಮಾಡುತ್ತಿವೆ.

ಮಿಲ್ಲು ಯಾಕೆ ಮುಚ್ಚಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಗದ್ದೆ ತೋಟವಾಯಿತು. ಭತ್ತ ಹೋಗಿ ಅಡಿಕೆ, ತೆಂಗು ಬಂತು. ಅಕ್ಕಿ ಗೋಣಿಯಲ್ಲಿ ಹೊರಗಿನಿಂದ ಬರತೊಡಗಿತು. ಕೊಬ್ಬರಿ ಎಣ್ಣೆಯ ಮಿಲ್ಲು, ಅಡಿಕೆ ಗೋದಾಮು, ಹಂಚಿನ ಕಾರ್ಖಾನೆ, ಒಂದೊಂದಕ್ಕೂ ಒಂದೊಂದು ಕಾರಣಕ್ಕೆ ಬೀಗ ಬಿತ್ತು. ಯಜಮಾನರ ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ತಲಪಾಡಿಯಿಂದ ಈಚೆಗೆ ಹೆದ್ದಾರಿ ಆರು ಪಥ ಆಗುವಾಗ ಎಷ್ಟು ಹಳೆ ಕಟ್ಟಡಗಳು ಹೋದವು ಅಂತ ನೀವೇ ನೋಡಿದ್ದೀರಿ. ಅದು ರಸ್ತೆಗೆ ಹೋದದ್ದು, ಅದು ಬೇರೆ ಮಾತು. ಆದರೆ ಯಾವ ರಸ್ತೆಯೂ ಬಾರದ ಒಳಗಿನ ಊರುಗಳಲ್ಲಿಯೂ ಜೆಸಿಬಿ ಬಂದು ಅರ್ಧ ದಿನದಲ್ಲಿ ಎಲ್ಲ ಮಲಗಿಸಿ ಹೋಗುತ್ತದೆ. ನನಗೆ ಸಂಕಟ ಆಗುವುದು ಅದನ್ನು ನೋಡಿ.

ನಾನು ಲೈಸೆನ್ಸ್ ಇರುವ ಬಿಲ್ಡಿಂಗ್ ಸೂಪರ್‌ವೈಸರ್. ಪ್ಲಾನ್ ಮಾಡುವುದು, ಪಂಚಾಯತಿನಲ್ಲಿ ಪರ್ಮಿಟ್ ತೆಗೆಸುವುದು, ನಿಂತು ಕೆಲಸ ಮಾಡಿಸುವುದು ನನ್ನ ಹೊಟ್ಟೆಪಾಡು. ಹೊಸ ಮನೆ ಕಟ್ಟಿಸಿಯೇ ಉಂಡವನು. ಹಳೆಯದನ್ನು ಉಳಿಸಿ ಅಂತ ಈಗ ಹೇಳಲು ಕಾರಣ ನಮ್ಮ ಗುಡ್ಡ.

ನಾವು ಮುರಕಲ್ಲು, ಕೆಂಪು ಕಲ್ಲು ಅನ್ನುತ್ತೇವಲ್ಲ, ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವರು ಫ್ರಾನ್ಸಿಸ್ ಬುಕನನ್. 1800-01ರಲ್ಲಿ ಅವರು ಮೈಸೂರು, ಕೆನರಾ, ಮಲಬಾರ್ ಸುತ್ತಿದರು. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರದಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಅಚ್ಚಾದ ತಮ್ಮ ಬರಹದಲ್ಲಿ ಆ ಹೆಸರು ಕೊಟ್ಟರು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಅಂದರೆ ಇಟ್ಟಿಗೆ. ನೆಲದೊಳಗೆ ಇರುವಾಗ ಮೆತ್ತಗೆ, ಸಲೀಸಾಗಿ ಕಡಿಯಬಹುದು. ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಅರವತ್ತು ವರ್ಷ ನಿಂತ ಗೋಡೆಯ ಕಲ್ಲು, ನಿನ್ನೆ ಕೋರೆಯಿಂದ ಬಂದ ಕಲ್ಲಿಗಿಂತ ಒಳ್ಳೆಯ ಕಲ್ಲು. ಅದನ್ನು ಪುಡಿ ಮಾಡಿ ತಗ್ಗಿಗೆ ತುಂಬಿಸಿ, ಹೊಸ ಕಲ್ಲಿಗೆ ಮತ್ತೊಂದು ಗುಡ್ಡ ಹುಡುಕುತ್ತೇವೆ.

ಆ ಗುಡ್ಡ ಸುಮ್ನೆ ಕಲ್ಲಿನ ರಾಶಿಯಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಎಣ್ಮಕಜೆ, ಪೈವಳಿಕೆ, ಬಾಯಾರಿನ ಕಡೆಯವರಿಗೆ ಸುರಂಗ ಅಂದರೆ ಏನಂತ ಗೊತ್ತು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ದಾರಿ, ಅದರಲ್ಲಿ ಪಂಪು ಇಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಮಳೆಗಾಲದಲ್ಲಿ ಮುರಕಲ್ಲಿನ ಗುಡ್ಡ ಕುಡಿದ ನೀರು ಅದು. ಮೇಲೆ ಕೋರೆ ತೆಗೆದ ಮೇಲೆ ಕೆಳಗೆ ಸುರಂಗದ ನೀರು ಸಣ್ಣದಾಯಿತು ಅನ್ನುವ ಮಾತನ್ನು ನಾನು ಎಷ್ಟೋ ಮನೆಗಳ ಜಗಲಿಯಲ್ಲಿ ಕೇಳಿದ್ದೇನೆ. ಆ ಮಿಲ್ಲಿನ ಗೋಡೆಯಲ್ಲಿ ಎಷ್ಟು ಕಲ್ಲು ಇದೆ ಅಂತ ಒಮ್ಮೆ ಲೆಕ್ಕ ಹಾಕಿದೆ. 8,000ಕ್ಕಿಂತ ಜಾಸ್ತಿ ಬಂತು. ಅಷ್ಟು ಕಲ್ಲು ಒಂದು ಗುಡ್ಡದಲ್ಲಿ ಉಳಿಯಿತು ಅಂತ ನನ್ನ ಲೆಕ್ಕ.

ಇನ್ನೊಂದು ಲೆಕ್ಕವೂ ಇದೆ. 2011ರ ಜನಗಣತಿಯ ಪ್ರಕಾರ ಕೇರಳದಲ್ಲಿ 10 ಲಕ್ಷಕ್ಕೂ ಜಾಸ್ತಿ ಮನೆಗಳು ಖಾಲಿ ಬಿದ್ದಿದ್ದವು. ಮನೆಗಳೇ ಅಷ್ಟು. ಮಿಲ್ಲು, ಗೋದಾಮು ಸೇರಿಸದೆ.

ಸರಿ, ಕಥೆಗೆ ಬರುತ್ತೇನೆ. ಆರು ವರ್ಷದ ಹಿಂದೆ ಮಿಲ್ಲಿನ ಯಜಮಾನರು ನನ್ನನ್ನು ಕರೆಸಿದರು. ಎಂಬತ್ತು ದಾಟಿದವರು. ನಾವೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. "ಕೆಡವಲಿಕ್ಕೆ ಎಷ್ಟು ಆಗ್ತದೆ ನೋಡು ಮಾರಾಯ. ಮಕ್ಕಳು ಜಾಗ ಕೊಡುವ ಅಂತ ಹೇಳ್ತಾ ಇದ್ದಾರೆ" ಅಂದರು. ಟೇಪು ಹಿಡಿದು ಒಳಗೆ ಹೋದೆ. 90 ಅಡಿ ಉದ್ದ, 40 ಅಡಿ ಅಗಲ. ಒಂದೂವರೆ ಅಡಿ ದಪ್ಪದ ಗೋಡೆ. ಮೇಲೆ ಬೋಗಿ ಮರದ ತೊಲೆಗಳು, ಅದರ ಮೇಲೆ ಇಳಿಜಾರಿನ ಪಕ್ಕಾಸು, ಹಂಚು ಕೂರುವ ಅಡ್ಡಪಟ್ಟಿ ರೀಪು, ಹಂಚು. ರೀಪಿಗೆ ಗೆದ್ದಲು ಹಿಡಿದಿತ್ತು. ತೊಲೆಗೆ ಏನೂ ಆಗಿರಲಿಲ್ಲ. ಉಳಿಯಿಂದ ಚುಚ್ಚಿ ನೋಡಿದೆ, ಒಳಗೆ ಹೋಗಲೇ ಇಲ್ಲ.

ಬಿದ್ದ ಹಂಚೊಂದನ್ನು ತಿರುವಿದರೆ ಬಾಸೆಲ್ ಮಿಶನ್ ಹೆಸರಿನ ಜೊತೆ 1865 ಅಂತ ಅಚ್ಚು. ಇಂಥ ಹಂಚು ಸಿಕ್ಕಿದರೆ ನಮ್ಮ ಮನೆಯ ಮಾಡು 1865ರದ್ದು ಅಂತ ತುಂಬಾ ಜನ ತಿಳಿಯುತ್ತಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಎಂಬ ಮಿಶನರಿ ಆ ವರ್ಷ ಹಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಆವೆಮಣ್ಣು, ಕಾಡಿನ ಸೌದೆ, ದೋಣಿ ದಾರಿ, ಮೂರೂ ಹತ್ತಿರ ಇತ್ತು. ಮುಳಿಹುಲ್ಲು, ಸೋಗೆ ಹೊದೆಸುತ್ತಿದ್ದ ಕರಾವಳಿಯ ಮಾಡುಗಳು ನಿಧಾನಕ್ಕೆ ಕೆಂಪಾದದ್ದು ಅಲ್ಲಿಂದ. ಈ ಹಂಚಿನ ಗುಣ ಏನೆಂದರೆ ಒಡೆದದ್ದನ್ನು ಮಾತ್ರ ಬದಲಿಸಬಹುದು. ಮಾಡಿನ ಎಡೆಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ. ನಡುನಡುವೆ ಗಾಜಿನ ಹಂಚು ಇಟ್ಟರೆ ಬೆಳಕು ಬರುತ್ತದೆ. ಕೆಡವಿದರೆ ಇಷ್ಟನ್ನೂ ಬಿಟ್ಟು ತಾರಸಿಯ ಕೆಳಗೆ ಬೇಯಬೇಕು.

"ಮಾವ, ಇದನ್ನು ಕೆಡವುವುದು ಬೇಡ. ಇದರೊಳಗೇ ಮನೆ ಮಾಡುವ" ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಇಲ್ಲಿ ದುಡಿದವರಿಗೆ ಒಂದೆರಡು ಮನೆ ಕೊಡಲಿಕ್ಕೆ ಆಗ್ತದಾ?"

ಆ ಮಾತು ಕೇಳಿ ನನಗೆ ಮುಂಬೈ ನೆನಪಾಯಿತು. ಸಣ್ಣ ಪ್ರಾಯದಲ್ಲಿ, ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ, ನಾನೂ ಎರಡು ವರ್ಷ ಪರೇಲಿನ ಒಂದು ಹೋಟೆಲಿನಲ್ಲಿ ಇದ್ದೆ. 1985-86ರ ಮಾತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಗಿತ್ತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ನಾನು ಹೋಗುವಾಗ ಅದು ಸೋತು ಹೋಗಿತ್ತು. ಒಂದು ಚಹಾ ತೆಗೆದುಕೊಂಡು ಒಂದು ಗಂಟೆ ಕೂರುವ ಗಂಡಸರನ್ನು ನಾನು ಅಲ್ಲಿ ದಿನಾ ನೋಡುತ್ತಿದ್ದೆ. ಅವರನ್ನು ಏಳಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಆ ಮಿಲ್ಲುಗಳ ಜಾಗಕ್ಕೆ 1991ರಲ್ಲಿ ಒಂದು ನಿಯಮ ಬಂತು. ಜಾಗ ಬೇರೆ ಕೆಲಸಕ್ಕೆ ಬಳಸಿದರೆ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸರಕಾರಿ ವಸತಿಗೆ, ಒಂದು ಪಾಲು ಯಜಮಾನರಿಗೆ. 2001ರಲ್ಲಿ ಅದನ್ನು ತಿದ್ದಿದರು. ಕಟ್ಟಡ ಇಲ್ಲದೆ ಖಾಲಿ ಇರುವ ಜಾಗವನ್ನು ಮಾತ್ರ ಪಾಲು ಮಾಡಿದರೆ ಸಾಕು ಅಂತಾಯಿತು. ಬಯಲಿಗೂ ಬಡವರ ಮನೆಗೂ ಸಿಗುವ ಜಾಗ ತುಂಬಾ ಸಣ್ಣದಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆಮೇಲೆ ನಾನು ಹೋದಾಗ ಪರೇಲ್, ಲಾಲ್‌ಬಾಗ್ ಗುರುತೇ ಸಿಗಲಿಲ್ಲ. ಮನೆಗಳು ಬಂದಿದ್ದವು, ಹೌದು. ಆದರೆ ಮಿಲ್ಲನ್ನು ಮನೆ ಮಾಡಿದ್ದು ಬಹಳ ಕಮ್ಮಿ, ಮಿಲ್ಲನ್ನು ಕೆಡವಿ ಮಾಡಿದ್ದೇ ಜಾಸ್ತಿ. ಅಲ್ಲಲ್ಲಿ ಒಂದೊಂದು ಚಿಮಿನಿ ಮಾತ್ರ ಗೋಪುರಗಳ ಎಡೆಯಲ್ಲಿ ನಿಂತಿತ್ತು. ದುಡಿದವರು ಮನೆ ಹಂಚುವ ಸರಕಾರಿ ಲಾಟರಿಯಲ್ಲಿ ಹೆಸರು ಬರುತ್ತದಾ ಅಂತ ವರ್ಷಗಟ್ಟಲೆ ಕಾದರು.

ಹಾಗಾಗಿ ಮಾವ ಕೇಳಿದ ಪ್ರಶ್ನೆ ನನಗೆ ದೊಡ್ಡದಾಗಿ ಕಂಡಿತು.

ಪ್ಲಾನ್ ಬರೆಯಲು ಕೂತಾಗ ಮೊದಲ ತೊಡಕು ಬೆಳಕು. ಮಿಲ್ಲನ್ನು ಕಟ್ಟುವುದು ಯಂತ್ರಕ್ಕೆ. ಯಂತ್ರಕ್ಕೆ ಕಿಟಕಿ ಬೇಡ. ನೆಲದಿಂದ ಕಿಟಕಿಯ ಮೇಲಂಚಿನವರೆಗಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಒಳ್ಳೆಯ ಬೆಳಕು ಒಳಗೆ ಬರುತ್ತದೆ ಅನ್ನುವುದು ನಮ್ಮ ಕೆಲಸದ ಒಂದು ಅಂದಾಜು. ಮೇಲಂಚು ಏಳು ಅಡಿಗೆ ಬರುವ ಹಾಗೆ ಕಿಟಕಿ ಇಟ್ಟರೆ ಹದಿನೈದು ಅಡಿ ಅಂತ ಇಟ್ಟುಕೊಳ್ಳಿ. ಎರಡೂ ಬದಿಯಿಂದ ಹದಿನೈದು ಹೋದರೆ ನಡುವೆ ಹತ್ತು ಅಡಿ ಕತ್ತಲೆ. ನನ್ನ ಮೊದಲ ಪ್ಲಾನಿನಲ್ಲಿ ಆ ಕತ್ತಲೆಯಲ್ಲಿ ಅಡುಗೆಕೋಣೆ ಇಟ್ಟಿದ್ದೆ. ನನ್ನ ಹೆಂಡತಿ ಅದನ್ನು ನೋಡಿ, "ಇಲ್ಲಿ ದಿನಕ್ಕೆ ಆರು ಗಂಟೆ ನಿಲ್ಲುವುದು ಯಾರು?" ಅಂತ ಕೇಳಿದಳು. ಆ ಹಾಳೆಯನ್ನು ಅವತ್ತೇ ಹರಿದೆ.

ಆಸ್ಟ್ರಿಯಾದ ವಿಯೆನ್ನಾದಲ್ಲಿ ಇದೇ ತೊಡಕು ದೊಡ್ಡ ಪ್ರಮಾಣದಲ್ಲಿ ಬಂದಿತ್ತು. 1896ರಿಂದ 1899ರೊಳಗೆ ಅಲ್ಲಿ ಗ್ಯಾಸ್ ತುಂಬಿಡಲು ನಾಲ್ಕು ಉರುಟು ಕಟ್ಟಡ ಕಟ್ಟಿದ್ದರು. ಒಂದೊಂದೂ ಸುಮಾರು 70 ಮೀಟರ್ ಎತ್ತರ, 60 ಮೀಟರ್ ಅಗಲ. 1984ರಲ್ಲಿ ಕೆಲಸ ನಿಂತಿತು. 1999ರಿಂದ 2001ರವರೆಗೆ ಒಳಗೆ ಮನೆಗಳನ್ನು ಕಟ್ಟಿದರು, 600ಕ್ಕೂ ಜಾಸ್ತಿ. ಹೊರಗಿನ ಇಟ್ಟಿಗೆ ಗೋಡೆಯನ್ನು ಹಾಗೇ ಬಿಟ್ಟು, ಒಳಗೆ ಸುತ್ತಲೂ ಮನೆಗಳನ್ನು ಇಟ್ಟು, ನಡುವೆ ಆಕಾಶದ ಬೆಳಕು ಇಳಿಯುವ ಹಾಗೆ ಜಾಗ ಬಿಟ್ಟರು. ಅದರ ಚಿತ್ರ ನೋಡಿದಾಗ ನನಗೆ ಅನಿಸಿತು, ಇದು ನಮ್ಮ ನಾಲ್ಕು ಸುತ್ತಿನ ಮನೆಯೇ ಅಲ್ವಾ! ನಾವೂ ಹಾಗೇ ಮಾಡಿದೆವು. ನಡುವಿನ ಹಂಚು ತೆಗೆದು, ತೊಲೆಗಳನ್ನು ಉಳಿಸಿ, ಹತ್ತು ಅಡಿ ಅಗಲದ ನಡು ಅಂಗಳ ಬಿಟ್ಟೆವು. ನಾಲ್ಕೂ ಅಡುಗೆಕೋಣೆಗಳ ಕಿಟಕಿ ಅದಕ್ಕೇ ತೆರೆಯುತ್ತದೆ.

ಮಾಡು ತೆರೆದರೆ ಮಳೆ ಒಳಗೆ ಬರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಜಾಸ್ತಿ ಮಳೆ. ಭತ್ತ ನೆನೆಸುತ್ತಿದ್ದ ನಾಲ್ಕು ಸಿಮೆಂಟಿನ ತೊಟ್ಟಿಗಳು ಅಲ್ಲೇ ಇದ್ದವು. ಬಿರುಕು ಮುಚ್ಚಿ, ಮೇಲೆ ಮುಚ್ಚಳ ಹಾಕಿ, ಮಾಡಿನ ನೀರನ್ನು ಅದಕ್ಕೆ ತಿರುಗಿಸಿದೆವು. ನಾಲ್ಕರಲ್ಲಿ ಸೇರಿ ಸುಮಾರು 27,000 ಲೀಟರ್ ಹಿಡಿಯುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ಆ ತೊಟ್ಟಿಗಳು.

ದುಃಖ ಕೊಟ್ಟದ್ದು ಗೋಡೆ. ಭತ್ತ ಬೇಯಿಸುವ ಹಂಡೆ ಇದ್ದ ಕೋಣೆಯ ಗೋಡೆ ನಲವತ್ತು ವರ್ಷ ಹಬೆ ಕುಡಿದಿತ್ತು. ನಾನು ಅವಸರದಲ್ಲಿ ಅದರ ಮೇಲೆ ಸಿಮೆಂಟಿನ ಸಾರಣೆ ಮಾಡಿಸಿದೆ. ಮೊದಲ ಮಳೆಗಾಲದಲ್ಲೇ ಬಿಳಿ ಉಪ್ಪು ಹೊರಗೆ ಬಂತು, ಸಾರಣೆ ಹೊಪ್ಪಳಿಕೆ ಎದ್ದು ಬಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದ ಮಗುವಿಗೆ ಕೆಮ್ಮು ಶುರುವಾಯಿತು. ಅದು ನನ್ನ ತಪ್ಪು. ಮುರಕಲ್ಲಿನಲ್ಲಿ ಸಣ್ಣ ಸಣ್ಣ ತೂತುಗಳು ಇರುತ್ತವೆ. ಅದು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಆ ಬಾಯಿ ಕಟ್ಟಿಬಿಡುತ್ತದೆ. ಎಲ್ಲ ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಒಣಗಲು ಬಿಟ್ಟು, ಮರುವಾಯಿ ಚಿಪ್ಪಿನ ಸುಣ್ಣದಲ್ಲಿ ಸಾರಣೆ ಮಾಡಿಸಿದೆವು. ಸುಣ್ಣದ ಕೆಲಸ ಗೊತ್ತಿದ್ದ ಹಿರಿಯರೊಬ್ಬರು ಕುಂಬಳೆ ಕಡೆಯಿಂದ ಬಂದು ನಮ್ಮ ಹುಡುಗರಿಗೆ ಕಲಿಸಿದರು. ಸುಣ್ಣವನ್ನು ಎಷ್ಟು ದಿನ ಕೊಳೆಸಬೇಕು, ಮರಳು ಎಷ್ಟು, ಎಲ್ಲವೂ ಅವರ ಕೈಯಲ್ಲಿತ್ತು. ಗೋಡೆ ಈಗ ಚೆನ್ನಾಗಿದೆ. ಮಗುವೂ ಚೆನ್ನಾಗಿದೆ.

ಚಿಮಿನಿಯನ್ನು ಇಳಿಸಿದೆವು. ಊರಿನ ಗುರುತು ಅದು, ಉಳಿಸಬೇಕು ಅಂತ ತುಂಬಾ ಜನ ಹೇಳಿದರು. ನನಗೂ ಆಸೆ ಇತ್ತು. ಆದರೆ ಬುಡದಿಂದ ಆಳೆತ್ತರದವರೆಗೆ ಬಿರುಕು ಇತ್ತು, ಕೆಳಗೆ ಮಕ್ಕಳು ಆಡುತ್ತಾರೆ. ಅಪಾಯ ಇರುವುದನ್ನು ಪ್ರೀತಿಯ ಹೆಸರಲ್ಲಿ ಇಟ್ಟುಕೊಳ್ಳಬಾರದು. ಅದರ ಇಟ್ಟಿಗೆಯಲ್ಲೇ ನಡು ಅಂಗಳದ ಕಟ್ಟೆ ಕಟ್ಟಿದೆವು.

ಈಗ ಹೇಳುವುದನ್ನು ದಯವಿಟ್ಟು ಸರಿಯಾಗಿ ಕೇಳಿ. ಹಳೆ ಕಟ್ಟಡಕ್ಕೆ ಕಾಲಿಡುವ ಮೊದಲು ಇಲ್ಲಿ ಏನು ಇಟ್ಟಿದ್ದರು ಅಂತ ವಿಚಾರಿಸಬೇಕು. ಅಕ್ಕಿ ಮಿಲ್ಲಿನಲ್ಲಿ ಉಮಿ, ತೌಡು, ಮಸಿ ಇರುತ್ತದೆ, ಅದು ಗುಡಿಸಿದರೆ, ತೊಳೆದರೆ ಹೋಗುತ್ತದೆ. ಎಣ್ಣೆ ಮಿಲ್ಲಿನ ನೆಲ ಎಣ್ಣೆ ಕುಡಿದಿರುತ್ತದೆ, ಹೊಸ ಸಿಮೆಂಟು ಕಚ್ಚುವುದಿಲ್ಲ, ನಾಲ್ಕು ಇಂಚು ಕೆತ್ತಿ ತೆಗೆಯಬೇಕು. ಅಡಿಕೆ ಗೋದಾಮಿನ ಮೂಲೆಯಲ್ಲಿ ಮೈಲುತುತ್ತು, ಅಂದರೆ ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದಿಗೆ ಹಾಕುವ ತಾಮ್ರದ ಉಪ್ಪು, ಇರಬಹುದು. ಕೀಟನಾಶಕ ಇಟ್ಟ ಗೋದಾಮಾದರೆ ನೆಲದ ಮಣ್ಣನ್ನು ಪರೀಕ್ಷೆ ಮಾಡಿಸದೆ ಒಳಗೆ ಮನೆ ಮಾಡುವ ಮಾತೇ ಬೇಡ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಸಿಂಪಡಣೆ ನಿಂತ ಮೇಲೂ ಉಳಿದ ವಿಷ ಗೋದಾಮುಗಳಲ್ಲಿ ಹಳೆ ಬ್ಯಾರೆಲುಗಳಲ್ಲಿ ಕೂತಿತ್ತು, 2012ರಲ್ಲಿ ಅದನ್ನು ಗಟ್ಟಿ ಬ್ಯಾರೆಲುಗಳಿಗೆ ಬದಲಿಸಬೇಕಾಯಿತು. ಗೋದಾಮು ಮರೆತರೂ ನೆಲ ಮರೆಯುವುದಿಲ್ಲ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗೇ ಸಿಮೆಂಟ್ ಶೀಟು. ಮಿಲ್ಲಿಗೆ ಆಮೇಲೆ ಸೇರಿಸಿದ ಚಪ್ಪರಗಳಿಗೆಲ್ಲ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಹಾಕಿರುತ್ತಾರೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದನ್ನು ಸುತ್ತಿಗೆಯಲ್ಲಿ ಹೊಡೆದು ಬೀಳಿಸಬೇಡಿ. ನೀರು ಹಾಕಿ ಒದ್ದೆ ಮಾಡಿ, ಒಡೆಯದ ಹಾಗೆ ಬೋಲ್ಟು ಬಿಚ್ಚಿ ಇಳಿಸಿ. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ. ಆ ಧೂಳು ಮೊದಲು ಹೋಗುವುದು ಅವರ ಎದೆಗೆ.

ಕಾಗದದ ಕೆಲಸ ಗೋಡೆಗಿಂತ ನಿಧಾನ. ಮಿಲ್ಲು ಮನೆಯಾಗುವುದು ಅಂದರೆ ಕಟ್ಟಡದ ಬಳಕೆಯ ಗುಂಪು ಬದಲಾಗುವುದು. 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳ ಪ್ರಕಾರ ಅದಕ್ಕೆ ಪರ್ಮಿಟ್ ಬೇಕು. ಕರೆಂಟನ್ನು ಕೈಗಾರಿಕೆಯ ದರದಿಂದ ಮನೆಯ ದರಕ್ಕೆ ಬದಲಿಸಬೇಕು. ಕುಡಿಯುವ ನೀರಿನ ಬಾವಿಗೂ ಶೌಚಗುಂಡಿಗೂ ಏಳೂವರೆ ಮೀಟರ್ ದೂರ ಇರಬೇಕು. ನಮ್ಮಲ್ಲಿ ಮಿಲ್ಲಿನ ಬಾವಿ ಕಟ್ಟಡಕ್ಕೆ ತಾಗಿಯೇ ಇದ್ದದ್ದರಿಂದ ನಾಲ್ಕೂ ಮನೆಯ ಪೈಪನ್ನು ಇನ್ನೊಂದು ತುದಿಗೆ ಎಳೆಯಬೇಕಾಯಿತು. ಸಾಲ ಕೇಳಲು ಹೋದ ಬ್ಯಾಂಕಿನವರು, ಇದು ಮಿಲ್ಲು, ಮನೆ ಸಾಲ ಆಗುವುದಿಲ್ಲ ಅಂತ ಎರಡು ಸಲ ಕಳಿಸಿದರು. ಮನೆ ನಂಬ್ರ ಸಿಗದೆ ಸಾಲ ಇಲ್ಲ, ಕೆಲಸ ಮುಗಿಯದೆ ನಂಬ್ರ ಇಲ್ಲ, ಸಾಲ ಇಲ್ಲದೆ ಕೆಲಸ ಮುಗಿಯುವುದಿಲ್ಲ. ಹನ್ನೊಂದು ತಿಂಗಳು ಹೀಗೆ ಕಳೆಯಿತು. ಕಡೆಗೆ ಮಾವ ತಮ್ಮ ತೋಟದ ಅಡಿಕೆ ಮಾರಿದ ಹಣ ಹಾಕಿ ಮೊದಲ ಮನೆ ಮುಗಿಸಿದರು. ಅದಕ್ಕೆ ನಂಬ್ರ ಬಂದ ಮೇಲೆ ಉಳಿದದ್ದಕ್ಕೆ ದಾರಿಯಾಯಿತು. ಕೈಗಾರಿಕೆಯ ಕಟ್ಟಡವನ್ನು ಮನೆ ಮಾಡುವವರಿಗೆ ಕೆಲಸ ನಡೆಯುತ್ತಿರುವಾಗಲೇ ಸಾಲ ಸಿಗುವ ಒಂದು ಏರ್ಪಾಡು ಬೇಕೇ ಬೇಕು. ಮಾವನ ಹಾಗೆ ಕೈಯಿಂದ ಹಾಕುವವರು ಎಲ್ಲ ಕಡೆ ಇರುವುದಿಲ್ಲ.

ಒಂದು ಮನೆಯನ್ನು ಅವರು ಇಟ್ಟುಕೊಂಡರು. ಎರಡನ್ನು ಮಿಲ್ಲಿನಲ್ಲಿ ದುಡಿದ ಎರಡು ಸಂಸಾರಕ್ಕೆ ತುಂಬಾ ಕಮ್ಮಿ ಕ್ರಯಕ್ಕೆ ಕೊಟ್ಟರು. ನಾಲ್ಕನೆಯದನ್ನು ಪೂರ್ತಿ ಕ್ರಯಕ್ಕೆ ಮಾರಿದರು, ಅದರಿಂದಲೇ ಕೆಲಸದ ಬಾಕಿ ತೀರಿತು. ಆ ಎರಡು ಮನೆಗಳಲ್ಲಿ ಒಂದರ ಅಕ್ಕ, ಶಾಲೆಗೆ ಹೋಗುವಾಗ ನಾನು ನೋಡುತ್ತಿದ್ದ, ಭತ್ತ ಗೀರುತ್ತಿದ್ದ ಹೆಂಗಸರಲ್ಲಿ ಒಬ್ಬರು. ಹೊಸ ವಿಳಾಸದ ರೇಶನ್ ಕಾರ್ಡ್ ಬಂದ ದಿನ ನನಗೆ ಫೋನ್ ಮಾಡಿ ಮನೆ ನಂಬ್ರವನ್ನು ಎರಡು ಸಲ ಓದಿ ಹೇಳಿದರು.

ಮಾತು ಮುಗಿದ ಮೇಲೆ ಒಬ್ಬರು ಮಾಷ್ಟ್ರು, ಹೊಸತು ಕಟ್ಟುವುದಕ್ಕಿಂತ ಇದು ಕಮ್ಮಿಗೆ ಆಗುತ್ತದಾ ಅಂತ ಕೇಳಿದರು. ನಮಗೆ ಹೊಸತರ ಮುಕ್ಕಾಲು ಪಾಲು ಖರ್ಚು ಬಂತು. ಗೋಡೆ ಕೆಟ್ಟಿದ್ದರೆ, ತೊಲೆಗೆ ಗೆದ್ದಲು ಬಂದಿದ್ದರೆ ಹೊಸದಕ್ಕಿಂತ ಜಾಸ್ತಿಯೂ ಆಗಬಹುದು. ಅಂಥ ಕಡೆ ನಾನೇ ಬೇಡ ಅನ್ನುತ್ತೇನೆ. ಇನ್ನೊಬ್ಬರು ಅಕ್ಕ ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು: "ಒಂದೇ ಮಾಡಿನ ಕೆಳಗೆ ನಾಲ್ಕು ಮನೆ ಅಂದ್ರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳೂದಿಲ್ವಾ?" ಕೇಳುತ್ತದೆ, ಎಡೆಗೋಡೆಯನ್ನು ಎಂಟು ಅಡಿಗೆ ನಿಲ್ಲಿಸಿದರೆ. ಅದನ್ನು ಹಂಚಿನ ಅಡಿವರೆಗೂ ಏರಿಸಬೇಕು. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆಗೆ ಹೋಗದಿರಲೂ ಅದೇ ಗೋಡೆ ಬೇಕು. ನಾವು ಹಾಗೇ ಮಾಡಿದ್ದೇವೆ.

ನೀರ್ಚಾಲಿನ ಕಡೆ ಒಂದು ಎಣ್ಣೆ ಮಿಲ್ಲು ಮುಚ್ಚಿ ತುಂಬಾ ವರ್ಷವಾಗಿದೆ. ಯಜಮಾನರು ನೋಡಲು ಕರೆದಿದ್ದಾರೆ. ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಹೋಗುತ್ತೇನೆ. ಬರುವವರು ಟಾರ್ಚ್ ತನ್ನಿ, ಚಪ್ಪಲಿ ಬೇಡ, ಗಟ್ಟಿ ಶೂ ಹಾಕಿ. ಒಳಗೆ ಕರೆಂಟು ಇಲ್ಲ, ನೆಲ ಜಾರುತ್ತದೆ.